ಪ್ರಸ್ಥಾನದ ಚೀಲ ಇಟ್ಟುಕೊಂಡವರು

ಅವರ ಬಲಗೈ ಹೆಬ್ಬೆರಳಿಗೆ ಸದಾ ಒಂದು ಕೆಂಪು ರಬ್ಬರ್ ಟೊಪ್ಪಿ ಇರುತ್ತಿತ್ತು, ಹಿಂದೆ ಬ್ಯಾಂಕಿನ ಕ್ಯಾಷಿಯರುಗಳು ಹಾಕಿಕೊಳ್ಳುತ್ತಿದ್ದಂಥದ್ದು. ಟಿಕೆಟು, ಹೋಟೆಲು ಎಲ್ಲವೂ ಫೋನಿನಲ್ಲೇ ಸಿಗುವ ಈ ಕಾಲದಲ್ಲೂ ಅವರು ಪ್ರತಿಯೊಂದನ್ನೂ ಪ್ರಿಂಟ್ ತೆಗೆದು, ಆ ಹೆಬ್ಬೆರಳಿನಿಂದ ಒಂದೊಂದೇ ಹಾಳೆ ಸರಿಸುತ್ತ ಓದುತ್ತಿದ್ದರು. ಜಯನಗರದಲ್ಲಿ ಬಳೆ ಅಂಗಡಿಯೊಂದರ ಪಕ್ಕದ ಪುಟ್ಟ ಮಳಿಗೆಯೇ ಅವರ ಆಫೀಸು. ನಾವು ಟ್ರಾವೆಲ್ಸ್ ಸಾರ್ ಎನ್ನುತ್ತಿದ್ದೆವು.

ನಾನು ಅವರ ಹತ್ತಿರ ಹೋದದ್ದು ಹೆದರಿಕೆಯಿಂದ. ಬನಶಂಕರಿಯಲ್ಲಿ ಪೇಂಟ್ ಅಂಗಡಿ ನಡೆಸುತ್ತಿದ್ದ ನನ್ನ ಯಜಮಾನರಿಗೆ ಕಣ್ಣಿನ ಕಾಯಿಲೆ. ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಬಲಗಣ್ಣು ಹಗಲಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಸಂಜೆಯಾದರೆ ಮನೆಯ ಹೊಸಿಲೂ ಕಾಣುತ್ತಿರಲಿಲ್ಲ. ಡಾಕ್ಟರು, "ನೋಡ್ಬೇಕು ಅನ್ಸಿದ್ದನ್ನೆಲ್ಲ ಈ ವರ್ಷಾನೇ ನೋಡ್ಬಿಡಿ" ಅಂದಿದ್ದರು. ಇವರು ಕೇಳಿದ್ದು ಒಂದೇ. ಶೇಡ್ ಕಾರ್ಡಿನಲ್ಲಿ ಎಷ್ಟೋ ಥರದ ನೀಲಿ ಮಾರಿದ್ದೇನೆ, ದ್ವೀಪದ ಸುತ್ತ ಇರುವ ಅಸಲಿ ನೀಲಿಯನ್ನು ಒಂದು ಸಲ ನೋಡಬೇಕು ಅಂತ.

ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು. ಫೋನಿನಲ್ಲಿ ಮಾಲ್ಡೀವ್ಸಿನ ಹೋಟೆಲುಗಳನ್ನು ನೋಡಿದ್ದೇ ನೋಡಿದ್ದು. ಒಬ್ಬರು ಸ್ವರ್ಗ ಅಂತ ಬರೆದಿದ್ದರೆ ಅದರ ಕೆಳಗೇ ಇನ್ನೊಬ್ಬರು ಬಚ್ಚಲಲ್ಲಿ ಹಲ್ಲಿ ಅಂತ ಬರೆದಿರುತ್ತಿದ್ದರು. ನಾನು ಹಲ್ಲಿಯನ್ನೇ ನಂಬುತ್ತಿದ್ದೆ. ಕೊನೆಗೆ ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ ಒಂದು ಭಾರಿ ಮನೆಯ ಚಿತ್ರ ತೋರಿಸಿ, ಇದನ್ನೇ ಬುಕ್ ಮಾಡಿ ಸಾರ್ ಅಂದೆ.

"ಸಖತ್ತಾಗಿದೆ ಮೇಡಂ. ಆದ್ರೆ ನಿಮಗಲ್ಲ," ಅಂದರು. "ಸುತ್ತ ಕಟಕಟೆ ಇಲ್ಲ ನೋಡಿ. ಸಾರ್ ಒಂದು ಹೆಜ್ಜೆ ತಪ್ಪಿಟ್ರೆ ನೀರು. ಸಂಜೆ ಆರಕ್ಕೆ ಸಾರ್ ಎಲ್ಲಿರ್ತಾರೆ, ಅದನ್ನ ಮೊದಲು ಯೋಚ್ನೆ ಮಾಡೋಣ. ಹೋಟೆಲ್ ಆಮೇಲೆ."

ಅವರು ಕೆಲಸ ಮಾಡುವ ರೀತಿಯೇ ಹಾಗೆ. ನನ್ನೆದುರೇ ಹೋಟೆಲಿಗೆ ಫೋನು ಮಾಡಿದರು. ಬುಕಿಂಗ್‌ನವರನ್ನು ಬಿಟ್ಟು, ರೂಮು ಗುಡಿಸುವವರನ್ನು ಕರೆಯಿರಿ ಅಂದರು. ಹರಕುಮುರುಕು ಹಿಂದಿಯಲ್ಲಿ, ಮಂಚದಿಂದ ನೀರಿಗೆ ಎಷ್ಟು ಹೆಜ್ಜೆ, ನಡುವೆ ಮೆಟ್ಟಿಲಿದೆಯಾ ಅಂತ ವಿಚಾರಿಸಿದರು. ಪಾಪ, ಆ ಮನುಷ್ಯ ಫೋನು ಹಿಡಿದೇ ನಡೆದು ಎಣಿಸಿದ. ಎರಡು ಹೋಟೆಲು ಮೆಟ್ಟಿಲಿಗೇ ಬಿದ್ದುಹೋದವು. ಮೂರನೆಯದರಲ್ಲಿ ಮೂವತ್ತಾರು ಹೆಜ್ಜೆ, ಬರೀ ಮರಳು. ಅದನ್ನೇ ಗೊತ್ತು ಮಾಡಿದರು. ವಿಮಾನವೂ ಅಷ್ಟೇ, ಬೆಳಗ್ಗೆ ಹನ್ನೊಂದರದ್ದು, ಅಲ್ಲಿಳಿದು ದ್ವೀಪಕ್ಕೆ ದೋಣಿ ಹತ್ತುವ ಹೊತ್ತಿಗೆ ಬಿಸಿಲಿರಬೇಕು ಅಂತ.

ಆದರೂ ನಾನು ಸುಮ್ಮನಿದ್ದೆನೇ? ದೋಣಿ ಮಗುಚಿದರೆ, ಗಾಳಿ ಎದ್ದರೆ, ಇವರ ಕಣ್ಣಿಗೆ ಉಪ್ಪುನೀರು ಬಿದ್ದರೆ ಎಂದು ದಿನಕ್ಕೆ ಹತ್ತು ಸಲ ಫೋನು ಮಾಡುತ್ತಿದ್ದೆ. "ಮೇಡಂ, ಆ ಚಿಂತೆ ನನ್ನ ಹೆಸರಿಗೆ ಬರ್ಕೊಂಡೆ. ನೀವು ಊಟ ಮಾಡಿ," ಅನ್ನುತ್ತಿದ್ದರು. ಒಂದು ದಿನವಾದರೂ ರೇಗಲಿಲ್ಲ.

ಟಿಕೆಟ್ ಕೈಗೆ ಬಂದ ಮೇಲೆ ನೋಡಿದರೆ ಹೊರಡುವುದು ಮಂಗಳವಾರ. ಮಂಗಳವಾರ ಯಾರಾದರೂ ಊರು ಬಿಡುತ್ತಾರೆಯೇ ಅಂತ ಅವರ ಅಂಗಡಿಗೆ ಓಡಿದೆ. ಅವರು ನಗಲಿಲ್ಲ, "ಪ್ರಸ್ಥಾನ ಇಡಿ ಮೇಡಂ, ನನ್ನ ಅಂಗಡೀಲೇ ಇಡಿ," ಅಂದರು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಮೊದಲೇ ಒಳ್ಳೆಯ ಗಳಿಗೆ ನೋಡಿ ಒಂದು ಚೀಲವನ್ನು ಬೇರೆಯವರಲ್ಲಿ ಇಟ್ಟುಬರುವುದು ನಮ್ಮಲ್ಲಿ ಪದ್ಧತಿ. ಪ್ರಯಾಣ ಆಗಲೇ ಶುರುವಾದ ಲೆಕ್ಕ. ಆ ಚೀಲ ಮತ್ತೆ ಮನೆಗೆ ಬರಬಾರದು, ಹೋಗುವಾಗ ದಾರಿಯಲ್ಲೇ ಎತ್ತಿಕೊಳ್ಳಬೇಕು. ಅವರ ಪ್ರಿಂಟರಿನ ಮೇಲಿನ ಹಲಗೆಯಲ್ಲಿ ಆಗಲೇ ಬೇರೆಯವರ ಎರಡು ಚೀಲಗಳಿದ್ದವು. ಭಾನುವಾರ ಬೆಳಗ್ಗೆ ನಮ್ಮದನ್ನೂ ಇಟ್ಟೆ. ಒಂದೊಂದು ಜೊತೆ ಬಟ್ಟೆ, ಅರಿಶಿನ ಕುಂಕುಮ, ಜೊತೆಗೆ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ, ಶುಭದ ಚೀಲದಲ್ಲೇ ಭದ್ರವಾಗಿರಲಿ ಅಂತ ಎರಡೂ ಪಾಸ್‌ಪೋರ್ಟು. ಅವರಿಗೆ ಹೇಳಲೂ ಇಲ್ಲ.

ಮಂಗಳವಾರ ಬೆಳಗ್ಗೆ ಆರೂವರೆಗೆ ಚೀಲ ಹಿಡಿದು ಬಾಗಿಲಲ್ಲೇ ನಿಂತಿರುತ್ತೇನೆ ಅಂದಿದ್ದರು. ನಮ್ಮ ಕ್ಯಾಬು ಹೋದಾಗ ಷಟರ್ ಹಾಕಿತ್ತು. ಫೋನು ತೆಗೆಯಲಿಲ್ಲ. ಎದುರಿಗೆ ಹೂವು ಮಾರುವ ಹೆಂಗಸು, "ಸಾರ್‌ಗೆ ಅರ್ಧ ಗಂಟೆ ಮುಂಚೆ ಎದೆನೋವು ಬಂತಕ್ಕ. ಷಟರ್ ತೆಗೆಯಕ್ಕೆ ಬಗ್ಗಿದ್ರು, ಅಲ್ಲೇ ಕೂತ್ಬಿಟ್ರು. ಆಟೋದಲ್ಲಿ ಕರ್ಕೊಂಡೋದ್ರು," ಎಂದು ಆಸ್ಪತ್ರೆಯ ದಿಕ್ಕು ತೋರಿಸಿದಳು.

ಎರಡು ರಸ್ತೆ ಆಚೆಗೇ ಆಸ್ಪತ್ರೆ. ಇವರನ್ನು ಕ್ಯಾಬಿನಲ್ಲೇ ಕೂರಿಸಿ ಒಳಗೆ ಓಡಿದೆ. ಮಂಚದ ಮೇಲೆ ಮಲಗಿಸಿದ್ದರು, ಮೂಗಿಗೆ ಆಕ್ಸಿಜನ್. ಪಕ್ಕದಲ್ಲಿ ಅವರ ಹೆಂಡತಿ ಚಪ್ಪಲಿಯಿಲ್ಲದ ಕಾಲಲ್ಲಿ ನಿಂತಿದ್ದರು.

"ಸಾರ್, ಬೀಗದ ಕೈ. ಪಾಸ್‌ಪೋರ್ಟ್ ಚೀಲದಲ್ಲೇ ಇದೆ," ಅಂದೆ.

ಅವರು ಹೆಂಡತಿಯ ಕಡೆ ನೋಡಿದರು. ಆಕೆ ಕೈಯಲ್ಲಿದ್ದ ಅವರ ಷರ್ಟಿನ ಜೇಬಿನಿಂದ ಗೊಂಚಲು ತೆಗೆದುಕೊಟ್ಟರು. "ಬೀಗ ಹಾಕಿ ಹೂವಿನೋಳ ಹತ್ರ ಕೊಡಿ," ಅಂದರು ಟ್ರಾವೆಲ್ಸ್ ಸಾರ್, ತಡೆದು ತಡೆದು. ನಾನು ಆಗಲೇ ಬಾಗಿಲ ಹತ್ತಿರ ಇದ್ದೆ. "ಮೇಡಂ, ಸಾರ್‌ಗೆ ಬಲಗಡೆ ಕಿಟಕಿ ಹಾಕ್ಸಿದೀನಿ. ಬಲಗಣ್ಣಿಗೆ ಸಮುದ್ರ ಸಿಗತ್ತೆ. ಯಾರು ಕೇಳಿದ್ರೂ ಸೀಟ್ ಬಿಟ್ಕೊಡ್ಬೇಡಿ."

ಬಿಟ್ಟುಕೊಡಲಿಲ್ಲ. ವಿಮಾನ ಇಳಿಯುವಾಗ ಇವರು ಕಿಟಕಿಗೆ ಹಣೆಯಿಟ್ಟು ಬಣ್ಣಗಳ ಹೆಸರು ಹೇಳುತ್ತಲೇ ಇದ್ದರು. ಬಿಸಿಲಿರುವಾಗಲೇ ಹೋಟೆಲು ಸೇರಿದೆವು. ಮೂವತ್ತಾರು ಹೆಜ್ಜೆಯನ್ನು ಇವರು ನನ್ನ ಕೈಹಿಡಿಯದೆ ನಡೆದರು. ತಲುಪಿದೆವು ಸಾರ್ ಅಂತ ಮೆಸೇಜು ಹಾಕಿದೆ. ಮಾರನೆಯ ದಿನ ಬೆಳಗ್ಗೆ ಅವರ ನಂಬರಿನಿಂದ ಉತ್ತರ ಬಂತು. ಬರೆದಿದ್ದು ಅವರ ಹೆಂಡತಿ. ಹಿಂದಿನ ಸಂಜೆಯೇ ಹೋಗಿಬಿಟ್ಟಿದ್ದರು. ಇವರು ಮೊಣಕಾಲುದ್ದ ನೀರಲ್ಲಿ ನಿಂತು ನಗುತ್ತಿದ್ದರು. ಇದ್ದ ಹಗಲನ್ನು ಹಾಳುಮಾಡಲು ಮನಸ್ಸಾಗದೆ ಕತ್ತಲಾದ ಮೇಲೆ ಹೇಳಿದೆ. ಇಬ್ಬರೂ ಅತ್ತೆವು.

ವಾಪಸು ಬಂದು ಆಕೆಯನ್ನು ನೋಡಲು ಹೋದೆ. ಕಾಫಿ ಕೊಟ್ಟು, "ನೀವು ಹೋದ್ಮೇಲೆ ಗಡಿಯಾರಾನೇ ನೋಡ್ತಿದ್ರು. ಹನ್ನೊಂದಾಯ್ತು, ಹತ್ತಿರ್ತಾರೆ ಅಂತ ಅಂದ್ರು. ಆಮೇಲೆ ಮಾತಾಡ್ಲಿಲ್ಲ," ಎಂದರು.

ಆ ಬೆಳಗ್ಗೆ ಅವರ ಮಂಚದ ಪಕ್ಕ ನಿಂತು ನಾನು ಬೀಗದ ಕೈ ಕೇಳಿದ್ದೆ. ಹೇಗಿದ್ದೀರಿ ಸಾರ್ ಅಂತ ಕೇಳಿರಲಿಲ್ಲ.