ಗಿಂಕಾ ಕೇಳುವ ಕ್ಷಮೆ

ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ಈಸ್ಟರ್ ಉಪವಾಸಕ್ಕೆ ಮುಂಚೆ ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ‘ಕ್ಷಮೆಯ ಭಾನುವಾರ’, ಬಲ್ಗೇರಿಯದ ಆ ಹಳ್ಳಿಯ ಚರ್ಚಿನ ಮೆಟ್ಟಿಲ ಮೇಲೆ, ಗಿಂಕಾ ಎಲ್ಲರ ಕಣ್ಣೆದುರು ಅತ್ತಿಗೆ ರಾಯ್ನಾಳ ಕೈಗೆ ಮುತ್ತಿಡುತ್ತಿದ್ದಳು. ರಾಯ್ನಾಳ ಮಗಳ ನಿಶ್ಚಿತಾರ್ಥ ಮುರಿದದ್ದು ಇದೇ ಬಾಯಿ ಹಬ್ಬಿಸಿದ ಸುಳ್ಳಿನಿಂದ. ಅದು ಸುಳ್ಳೆಂದು ಗಿಂಕಾಳೇ ಹೇಳದೆ ಹುಡುಗಿಯ ಕಳಂಕ ತೊಳೆದುಹೋಗುವಂತಿರಲಿಲ್ಲ.

“ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿಬಿಡಿ ಅತ್ತಿಗೆ.”

“ಯಾವ ತಪ್ಪು ಅಂತ ಹೇಳಮ್ಮ, ಕ್ಷಮಿಸ್ತೀನಿ.”

“ಅಯ್ಯೋ, ಎಲ್ಲಾದಕ್ಕೂ ಸೇರಿಸಿ.”

“ಎಲ್ಲಾ ಬೇಡ. ನನ್ನ ಮಗಳ ವಿಷಯ ಒಂದೇ ಹೇಳು, ಸಾಕು.”

ಗಿಂಕಾ ಆಗಲೇ ಪಕ್ಕದವರ ಕೈ ಹಿಡಿದಿದ್ದಳು. ರಾಯ್ನಾ ತನ್ನ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಈ ಗಿಂಕಾಳಿಗೆ ಕ್ಷಮೆಯೆಂದರೆ ಬಾಯಿ ಮುಕ್ಕಳಿಸುವ ನೀರು. ಹೋದ ವರ್ಷ ಪಾದ್ರಿಯ ಮುಂದೆ ನಿಂತು ಎಷ್ಟು ಬೀಗಿದ್ದಳು:

“ಈ ಸಲ ಅರವತ್ತೆರಡು ಜನರ ಹತ್ರ ಕೇಳಿದೀನಿ ಫಾದರ್, ಅರವತ್ತೆರಡು.”