ಜಾಂಬುಘೋಡಾದ ಹಿಪ್ಪೆ ಗುಡ್ಡಗಳಲ್ಲಿ ಎರಡು ಸೈಕಲ್

ವಡೋದರಾದ ಪ್ರತಾಪನಗರ ಸ್ಟೇಷನ್ನಿನಲ್ಲಿ ನಮ್ಮಿಬ್ಬರ ಟಿಕೆಟ್ಟಿಗಿಂತ ಎರಡು ಸೈಕಲ್‌ಗಳ ಲಗೇಜು ಚೀಟಿಗೇ ಹೆಚ್ಚು ಹಣ ಹೋಯಿತು. ಹಾಗಾದರೆ ಕಿಟಕಿ ಪಕ್ಕದ ಸೀಟು ಅವಕ್ಕೆ ಕೊಡಿ, ನಾವು ಗಾರ್ಡಿನ ಡಬ್ಬಿಯಲ್ಲಿ ಬರುತ್ತೇವೆ ಎಂದು ಗುಮಾಸ್ತನಿಗೆ ಹೇಳಿದೆ. ಅವನು ನಗಲಿಲ್ಲ. ಶೀನಣ್ಣ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ವಕೀಲರೆ, ನೀನು ರೈಲು ಹೊರಡುವವರೆಗೆ ಬಾಯಿ ಮುಚ್ಚಿಕೊಂಡಿರು ಮಾರಾಯ. ಇಳಿಸಿಬಿಟ್ಟಾನು."

ನಾನು ವಕೀಲನಲ್ಲ. ಎಂ.ಎಸ್ಸಿ. ಓದುತ್ತಿದ್ದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದ ಕಪ್ಪುಗಳನ್ನು ವಾಸುದೇವ ಮಾವ ತಮ್ಮ ಹೋಟೆಲಿನ ಗಾಜಿನ ಕಪಾಟಿನಲ್ಲಿ ಮೈಸೂರುಪಾಕಿನ ಪಕ್ಕ ಇಟ್ಟಿದ್ದರಿಂದ ಈ ಬಿರುದು ಅಂಟಿಕೊಂಡಿತ್ತು. ಅಲ್ಕಾಪುರಿಯಲ್ಲಿ ಮಾವನ ಹೋಟೆಲು. ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುತ್ತಿದ್ದವರು ಶೀನಣ್ಣ. ಉಡುಪಿ ಕಡೆಯವರು, ಆಗ ಐವತ್ತೆರಡರ ಪ್ರಾಯ.

ಈ ಪ್ರಯಾಣಕ್ಕೆ ಕಾರಣ ಒಂದು ಚಿತ್ರ. ಊರಾಚೆಯ ಕಾರ್ಖಾನೆಯೊಂದರಲ್ಲಿ ಯಂತ್ರ ಕೂರಿಸಲು ಬಂದಿದ್ದ ಮಾರ್ಕೋ ಎಂಬ ಇಟಲಿಯ ಇಂಜಿನಿಯರ್ ದಿನಾ ಸಂಜೆ ನಮ್ಮಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದ. ಒಂದು ದಿನ ತನ್ನ ಊರಿನ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ಮಾವನಿಗೆ ಕೊಟ್ಟ. ಅಲೆಯಲೆಯಾದ ಗುಡ್ಡ, ಬಾಚಿದಂತೆ ಸಾಲು ಹಿಡಿದ ದ್ರಾಕ್ಷಿ, ಬೂದು ಎಲೆಯ ಆಲಿವ್ ಮರಗಳು, ನಡುವೆ ಖಾಲಿ ರಸ್ತೆ. ಪ್ರತಿ ಏಪ್ರಿಲ್‌ನಲ್ಲಿ ತಾನು ಅಲ್ಲಿ ಮೂರು ದಿನ ಸೈಕಲ್ ತುಳಿಯುತ್ತೇನೆ, ದಾರಿಯಲ್ಲಿ ಕಾರುಗಳೇ ಇರುವುದಿಲ್ಲ ಎಂದ. ನಿಮ್ಮ ದೇಶದಲ್ಲಿ ಇಂಥ ಜಾಗ ಎಲ್ಲಿಯೂ ಇರಲಾರದು ಎಂದೂ ಸೇರಿಸಿದ. 'ಎಲ್ಲಿಯೂ ಇಲ್ಲ' ಎನ್ನುವವನನ್ನು ಸೋಲಿಸಲು ಒಂದೇ ಉದಾಹರಣೆ ಸಾಕು. ನನ್ನ ಹತ್ತಿರ ಆ ಒಂದು ಇರಲಿಲ್ಲ. ಕಾವಲಿಯ ಹಿಂದಿನಿಂದ ಶೀನಣ್ಣ ಕೂಗಿದರು: "ಜಾಂಬುಘೋಡಾ ಹೇಳು ಅವನಿಗೆ! ಹನುಮಂತನ ಗುಡಿಗೆ ಹೋದಾಗ ನಾನೇ ನೋಡಿದ್ದೇನೆ. ಗುಡ್ಡ ಉಂಟು, ರಸ್ತೆ ಉಂಟು, ಗಾಡಿ ಇಲ್ಲ. ಬೇಕಾದರೆ ನಾನು ತುಳಿದು ತೋರಿಸ್ತೇನೆ."

ಮಾವ ಆ ಮಾತನ್ನು ಹಿಡಿದುಕೊಂಡರು. ವರ್ಷದಿಂದ ಶೀನಣ್ಣನ ಕಾಲು ಸಂಜೆಯಾಗುತ್ತಲೇ ಬಾತುಕೊಳ್ಳುತ್ತಿತ್ತು. ಯುಗಾದಿ ಕಳೆದ ಮೇಲೆ ಹರೆಯದ ದೋಸೆ ಭಟ್ಟನೊಬ್ಬನನ್ನು ಕಳಿಸಿಕೊಡಿ ಎಂದು ಮಾವ ಊರಿಗೆ ಕಾಗದ ಹಾಕಿಯಾಗಿತ್ತು. ಶೀನಣ್ಣ ಊರಿಗೆ ಹೋಗಿ ತಮ್ಮನ ಹೋಟೆಲಿನಲ್ಲಿ ಆರಾಮಾಗಿರಬಹುದು ಎಂಬುದು ಮಾವನ ಲೆಕ್ಕ. "ಅಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತು ಬೇರೆಯವ ಹೊಯ್ದ ದೋಸೆ ನೋಡುದಾ? ನನ್ನ ಕಾಲಿಗೆ ಎಂತದೂ ಆಗಲಿಲ್ಲ" ಎಂದು ಶೀನಣ್ಣ ಹಟ ಹಿಡಿದಿದ್ದರು. ಕೊನೆಗೆ ಮಾವ ಹೇಳಿದರು: "ಸರಿ, ಮೂರು ದಿನ ಗುಡ್ಡದಲ್ಲಿ ಸೈಕಲ್ ಹೊಡಿ. ಕಾಲು ತಡೆದರೆ ಕಾಗದ ವಾಪಸು." ನನ್ನ ಕಡೆ ತಿರುಗಿ, "ನೀನು ಯಾರ ಮುಲಾಜಿಗೂ ಬೀಳುವವನಲ್ಲ. ಜೊತೆಗೆ ಹೋಗಿ ನೋಡಿದ್ದನ್ನು ನೋಡಿದ ಹಾಗೆ ಬಂದು ಹೇಳು" ಎಂದರು.

ಹೀಗೆ ಎಪ್ಪತ್ತರ ದಶಕ ಮುಗಿಯುತ್ತಿದ್ದ ಮಾರ್ಚಿನಲ್ಲಿ ನಾವು ಚಿಕ್ಕ ಗೇಜಿನ ರೈಲಿನಲ್ಲಿ ಕೂತಿದ್ದೆವು. ಅದು ಸೈಕಲ್ಲಿಗಿಂತ ತುಸು ವೇಗವಾಗಿ ಓಡುತ್ತಿತ್ತು. ಡಭೋಯಿಯಲ್ಲಿ ಚಹಾ ಕುಡಿದು, ಹತ್ತಿಯ ಒಣ ಹೊಲಗಳನ್ನು ನೋಡುತ್ತಾ ನಾನು ಸುಮ್ಮನಿರಲಾರದೆ ಹೇಳಿದೆ: "ಶೀನಣ್ಣ, ಈ ಪರೀಕ್ಷೆಯೇ ತಪ್ಪು. ಸೈಕಲ್ ತುಳಿದರೆ ತುಳಿಯಲು ಬರುತ್ತದೆ ಎಂದಷ್ಟೇ ಸಾಬೀತಾಗುತ್ತದೆ. ಮಾವನ ಪ್ರಶ್ನೆ ನಿಲ್ಲುವುದರ ಬಗ್ಗೆ."

ಶೀನಣ್ಣ ಕಾಲನ್ನು ಎದುರಿನ ಹಲಗೆಗೆ ಎತ್ತಿಟ್ಟುಕೊಂಡರು. "ಗೊತ್ತುಂಟು" ಎಂದರು. "ಅದನ್ನು ಅವರಿಗೆ ಹೇಳಬೇಡ."

ಬೋಡೇಲಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೊತ್ತು ಇಳಿಯುವವರೆಗೆ ಬೇವಿನ ಕೆಳಗೆ ಮಲಗಿ, ಆಮೇಲೆ ಉತ್ತರಕ್ಕೆ ಹೊರಟೆವು. ಜಾಂಬುಘೋಡಾಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಮೊದಲ ಐದು ಬಯಲು. ಆಮೇಲೆ ನೆಲ ಮೆಲ್ಲನೆ ಏಳತೊಡಗಿತು. ಎಲೆ ಉದುರಿಸಿ ನಿಂತ ತೇಗ, ನಡುನಡುವೆ ಬೆಂಕಿ ಹಚ್ಚಿದಂತೆ ಮುತ್ತುಗ. ಒಂದು ಬಸ್ಸು ಎದುರಾಯಿತು, ಅದರ ಧೂಳು ಅಡಗಿದ ಮೇಲೆ ನಮ್ಮ ಚೈನುಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಏರಿನಲ್ಲಿ ನಾನು ಇಳಿದು ತಳ್ಳಿದೆ. ಶೀನಣ್ಣ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೀಟಿನಿಂದ ಏಳದೆ ಒಂದೇ ಲಯದಲ್ಲಿ ಹತ್ತಿ ಹೋದರು. ತುದಿಯಲ್ಲಿ ಕಾಯುತ್ತಾ, "ಬರೆದುಕೋ ವಕೀಲರೆ, ಬರೆದುಕೋ" ಎಂದರು. ಬರೆದುಕೊಂಡೆ.

ಸರ್ಕಾರಿ ವಿಶ್ರಾಂತಿ ಗೃಹದ ಜಗಲಿಯಲ್ಲಿ ಮಲಗಿದ್ದು, ಮರುದಿನ ಬೆಳಕು ಹರಿಯುತ್ತಲೇ ಕಡಾ ಅಣೆಕಟ್ಟಿನ ಕಡೆಗೆ ಹೊರಟೆವು. ಗಾಳಿ ತಣ್ಣಗಿತ್ತು. ಹಣ್ಣು ಹುಳಿ ಬಂದಂತಹ ಒಂದು ಸಿಹಿ ವಾಸನೆ ದಾರಿಯುದ್ದಕ್ಕೂ ಹಿಂಬಾಲಿಸಿತು. ನಮ್ಮ ಹಿಪ್ಪೆಯೇ ಇಲ್ಲಿಯ ಮಹುಡೋ. ಒಂದೊಂದು ಮರದ ಕೆಳಗೂ ದುಂಡಗೆ ಕಪ್ಪಾದ ನೆಲ. ಆ ಕಪ್ಪಿನ ಮೇಲೆ ಕೆನೆ ಬಣ್ಣದ ದಪ್ಪ ಹೂಗಳು ಟಪ್ ಟಪ್ ಎಂದು ಬೀಳುತ್ತಿದ್ದವು.

ಶೀನಣ್ಣ ಸೈಕಲ್ ನಿಲ್ಲಿಸಿ ಭುಜದ ಬೈರಾಸು ಹಾಸಿ ಹೆಕ್ಕತೊಡಗಿದರು. ನನಗೂ ವಿಚಿತ್ರವೆನಿಸಲಿಲ್ಲ. ನಮ್ಮ ಕಡೆ ರಂಜದ ಮರ ಯಾರ ಹಿತ್ತಲಲ್ಲೇ ಇರಲಿ, ಬೆಳಿಗ್ಗೆ ನೆಲಕ್ಕೆ ಬಿದ್ದ ಹೂ ಹೆಕ್ಕುವವರನ್ನು ಯಾರೂ ಕೇಳುವುದಿಲ್ಲ. ಅದು ದೇವರ ಪಾಲು. ಬೈರಾಸಿನಲ್ಲಿ ನಾಲ್ಕು ಹಿಡಿ ಆಗುವಷ್ಟರಲ್ಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಗುಡ್ಡ ಇಳಿದು ಬಂದಳು. "ಏ ಕಾಕಾ! ಯಾರ ಮರ ಅಂತ ತಿಳಿದಿದ್ದೀ?"

ನಾನು ಮುಂದೆ ಬಂದೆ. ಗುಜರಾತಿಯಲ್ಲೂ ನಾನು ಚರ್ಚೆಯ ಕಪ್ಪು ಗೆದ್ದವನು. "ಬೆನ್, ಇದು ರಸ್ತೆ ಪಕ್ಕದ ಜಾಗ. ಮರ ಸರ್ಕಾರದ್ದು. ನಾವು ಕೀಳಲಿಲ್ಲ, ಬಿದ್ದದ್ದನ್ನು ಹೆಕ್ಕಿದೆವು. ಬಿದ್ದ ಹೂವಿಗೆ ಒಡೆಯ ಯಾರು?"

ಅವಳು ನನ್ನ ಮೂರು ಅಂಶಗಳನ್ನೂ ತಾಳ್ಮೆಯಿಂದ ಕೇಳಿದಳು. ಆಮೇಲೆ ಕಾಲಿನ ಹೆಬ್ಬೆರಳಿನಿಂದ ಕಪ್ಪು ನೆಲ ತೋರಿಸಿದಳು. "ಮರ ಸರ್ಕಾರದ್ದೇ ಇರಲಿ ಭಾಯ್. ಇಲ್ಲಿಯ ಎಲೆಯನ್ನೆಲ್ಲ ಒಟ್ಟು ಮಾಡಿ ಸುಟ್ಟವರು ಯಾರು? ಗುಡಿಸಿದವರು ಯಾರು? ನೆಲ ಹೀಗಿರದಿದ್ದರೆ ನಿನ್ನ ಕಾಕಾನಿಗೆ ಹೂ ಕಾಣುತ್ತಿತ್ತಾ?"

ಚರ್ಚೆಯಲ್ಲಿ ಉತ್ತರ ಹೊಳೆಯದಾಗ ನೀರು ಕುಡಿಯಬೇಕು ಎಂದು ನಮಗೆ ಕಲಿಸಿದ್ದರು. ನೀರು ಸೈಕಲ್ಲಿನಲ್ಲಿತ್ತು.

"ಬಾಯಿ ಮುಚ್ಚಿತಾ ನಿಂದು?" ಎಂದು ಶೀನಣ್ಣ ಸಂತೋಷದಿಂದಲೇ ಕೇಳಿ, ಬೈರಾಸಿನ ಹೂವನ್ನು ಅವಳ ಬುಟ್ಟಿಗೆ ಸುರಿದರು. ಅವಳ ಹೆಸರು ಮಂಗಿಬೆನ್. ಇಲ್ಲಿ ಮನೆಗಿಷ್ಟು ಎಂದು ಮರಗಳು ಹಿರಿಯರ ಕಾಲದಿಂದ ಹಂಚಿಕೆಯಾಗಿವೆ, ಮರ ಯಾರ ಹೊಲದಲ್ಲಿದ್ದರೂ ಕೆಳಗೆ ಗುಡಿಸುವವರದೇ ಹೂವು ಎಂದು ವಿವರಿಸಿದಳು. ತಪ್ಪಿಗೆ ದಂಡವನ್ನೂ ಅವಳೇ ಹೇಳಿದಳು: ಬಿಸಿಲೇರುವವರೆಗೆ ಬುಟ್ಟಿ ತುಂಬಿಸಿ ಕೊಡಬೇಕು.

ಬಗ್ಗಿ ಹೆಕ್ಕಿ ಹತ್ತು ನಿಮಿಷದಲ್ಲಿ ನನ್ನ ಸೊಂಟ ಮುರಿಯಿತು. ಶೀನಣ್ಣನೂ ನಿಂತೇ ಬಗ್ಗಿ ಹೆಕ್ಕುತ್ತಿದ್ದರು. ಪಂಚೆಯ ಕೆಳಗೆ ಕಣಕಾಲಿನ ನರಗಳು ಹಗ್ಗದಂತೆ ಎದ್ದದ್ದು ಕಂಡಿತು. ಮಂಗಿಬೆನ್ ಗದರಿದಳು: "ಕಾಕಾ, ಕಾಲು ನೋಡಿಕೋ. ಕೈಯ ಕೆಲಸಕ್ಕೆ ಕಾಲಿಗೆ ಯಾಕೆ ಶಿಕ್ಷೆ? ಕೂತು ಮಾಡು." ಅವರು ಕೂತರು. ಕೂತ ಮೇಲೆ ಆ ಕೈಗಳನ್ನು ನೋಡಬೇಕಿತ್ತು. ಕಾವಲಿಯ ಮೇಲೆ ಹಿಟ್ಟು ಹರಡುವ ಅದೇ ಸುತ್ತಿನಲ್ಲಿ ಅಂಗೈ ತಿರುಗಿ ಬರುವಾಗ ಮುಷ್ಟಿ ತುಂಬಿರುತ್ತಿತ್ತು. ಒಂದು ಗಂಟೆಯಲ್ಲಿ ಬುಟ್ಟಿ ತುಂಬಿತು. ಅದರಲ್ಲಿ ನನ್ನ ಪಾಲು ಹೇಳಿಕೊಳ್ಳುವಂಥದ್ದಲ್ಲ.

ಅವಳ ಮನೆಯಂಗಳದಲ್ಲಿ ಜೋಳದ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಉದ್ದಿನ ಬೇಳೆ. ಶೀನಣ್ಣ ಹೊರಗೆ ತಿನ್ನುವವರಲ್ಲ. ತಟ್ಟೆ ಮುಂದಿಟ್ಟುಕೊಂಡು ಒಂದು ಕ್ಷಣ ತಡೆದರು. ಆಮೇಲೆ ಬೇಳೆಯ ಮೇಲೆ ತೇಲುತ್ತಿದ್ದುದನ್ನು ಮೂಸಿ, "ಇದು ಯಾವ ಎಣ್ಣೆ?" ಎಂದರು. ಕಳೆದ ಮಳೆಗಾಲದ ಹಿಪ್ಪೆ ಬೀಜದ್ದು. ತಂಬಿಗೆಯಲ್ಲಿ ತುಪ್ಪದಂತೆ ಹೆಪ್ಪುಗಟ್ಟಿತ್ತು. ಒಲೆ ಎಷ್ಟು ಉರಿಯಬೇಕು, ಹೊಗೆ ಯಾವಾಗ ಬರುತ್ತದೆ, ಕಹಿ ಹೋಗಲು ಏನು ಹಾಕುತ್ತೀರಿ ಎಂದು ಕೇಳುತ್ತಾ ಕೇಳುತ್ತಾ ಮೂರು ರೊಟ್ಟಿ ಮುಗಿಸಿದರು. ಮೂಲೆಯಲ್ಲಿ ಬಾಯಿ ಕಟ್ಟಿದ ಒಂದು ಮಡಕೆಯೂ ಇತ್ತು. ಅದೇನೆಂದು ಕೇಳಿದೆ. "ಔಷಧಿ" ಎಂದಳು ಮಂಗಿಬೆನ್. ಮದ್ಯಕ್ಕೆ ನಿಷೇಧವಿರುವ ರಾಜ್ಯದಲ್ಲಿ ನಾನು ಮುಂದಿನ ಪ್ರಶ್ನೆ ಕೇಳಲಿಲ್ಲ. ಆದರೆ ಮಾರ್ಕೋಗೆ ಹೇಳಬೇಕಾದ ಮಾತು ಸಿಕ್ಕಿತ್ತು: ಅವನ ಗುಡ್ಡಗಳಿಗೆ ಕುಡಿಯಲು ಒಂದು ಬಳ್ಳಿ, ಎಣ್ಣೆಗೆ ಇನ್ನೊಂದು ಮರ ಬೇಕು. ಇಲ್ಲಿ ಹೂವೊಂದು ಕಡೆ, ಬೀಜವೊಂದು ಕಡೆ ಮಾಡಿ ಒಂದೇ ಮರ ಎರಡನ್ನೂ ನೋಡಿಕೊಳ್ಳುತ್ತದೆ.

ಸಂಜೆ ಅಣೆಕಟ್ಟಿನ ದಂಡೆಯ ಮೇಲೆ ಸುತ್ತಿದೆವು. ನೀರು ತಗ್ಗಿ ಕೆಂಪು ಮಣ್ಣಿನ ಪಟ್ಟಿಗಳು ಕಾಣುತ್ತಿದ್ದವು. ಆ ಇಡೀ ದಿನ ಎದುರಾದ ವಾಹನವೆಂದರೆ ಒಂದೇ ಜೀಪು. ಶೀನಣ್ಣ ಕೈ ಬಿಟ್ಟು ಇಳಿಜಾರಿನಲ್ಲಿ ಹೋಗುತ್ತಿದ್ದರು. ಅವರನ್ನು ಅಷ್ಟು ಹಗುರಾಗಿ ನಾನು ಎಂದೂ ನೋಡಿರಲಿಲ್ಲ.

ಮೂರನೆಯ ದಿನ ವಡೋದರಾದವರೆಗೆ ಎಪ್ಪತ್ತು ಕಿಲೋಮೀಟರಿನ ಹತ್ತಿರ. ಶಿವರಾಜಪುರದ ಬಳಿ ರೈಲ್ವೆ ಗೇಟು ಹಾಕಿತ್ತು. ಗಣಿಯ ಪುಟಾಣಿ ವ್ಯಾಗನ್ನುಗಳು ಹಿಂದೆ ಮುಂದೆ ಹೋಗುತ್ತಿದ್ದವು. ಇಳಿದು ನಿಂತೆವು. ಐದು ನಿಮಿಷಕ್ಕೆ ಶೀನಣ್ಣ ಭಾರವನ್ನು ಕಾಲಿಂದ ಕಾಲಿಗೆ ಬದಲಿಸತೊಡಗಿದರು. ಹತ್ತು ನಿಮಿಷಕ್ಕೆ ಮುಖ ಬಿಳಿಚಿತು, ಗೇಟಿನ ಕಂಬ ಹಿಡಿದರು. ಬೆಳಗಿನಿಂದ ಏರು ಹತ್ತಿದಾಗ ಬಾರದ ಬೆವರು ಈಗ ಹಣೆಯ ಮೇಲಿತ್ತು. ನಾನು ನೋಡುತ್ತಿದ್ದುದನ್ನು ಅವರು ನೋಡಿದರು.

"ಇದನ್ನೂ ಬರೆಯುತ್ತೀಯಾ?"

"ನೋಡಿದೆನಲ್ಲ, ಶೀನಣ್ಣ."

ಅವರು ಮತ್ತೆ ಸೈಕಲ್ ಹತ್ತಿ ಸೀಟಿನ ಮೇಲೆ ಕೂತು, ಒಂದು ಕಾಲನ್ನು ಗೇಟಿನ ಕಂಬಿಯ ಮೇಲಿಟ್ಟರು. ಎರಡು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬಂತು. ನಾನು ಪಕ್ಕದಲ್ಲಿ ನಿಂತಿದ್ದೆ. ಸೀಟಿನ ಮೇಲೆ ಕೂತ ಅವರ ಹೆಗಲು, ನಿಂತ ನನ್ನ ಹೆಗಲಿಗೆ ಸಮವಾಗಿತ್ತು. ಗೇಟು ತೆರೆದರೂ ನಾನು ಅದನ್ನೇ ನೋಡುತ್ತಾ ಉಳಿದೆ. ಹಾಲೋಲ್ ದಾಟಿ, ಬಯಲಿನ ಬಿಸಿಗಾಳಿಯಲ್ಲಿ, ಲಾರಿಗಳ ನಡುವೆ ಅಲ್ಕಾಪುರಿ ಮುಟ್ಟುವವರೆಗೂ ಶೀನಣ್ಣ ನನಗಿಂತ ನೂರು ಗಜ ಮುಂದೆಯೇ ತುಳಿದರು.

ಮಾವ ಗಲ್ಲಾದಿಂದ ಏಳದೆ ಕೇಳಿದರು: "ಹೇಗೆ?"

ನಾನು ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಗುಡ್ಡದಲ್ಲಿ ಶೀನಣ್ಣ ನನಗಿಂತ ಗಟ್ಟಿ. ಹತ್ತು ನಿಮಿಷ ನಿಲ್ಲಲು ಅವರಿಂದ ಆಗುವುದಿಲ್ಲ. ಹಿಂದೆ ಶೀನಣ್ಣ ಉಸಿರೆಳೆದದ್ದು ಕೇಳಿಸಿತು.

"ಹಾಗಾದರೆ ಮುಗಿಯಿತಲ್ಲ" ಎಂದರು ಮಾವ.

"ಮುಗಿಯಲಿಲ್ಲ ಮಾವ. ದೋಸೆ ಹೊಯ್ಯುವುದು ಕೈಯಾ, ಕಾಲಾ? ಕಾವಲಿಯ ಮುಂದೆ ಒಂದು ಕಬ್ಬಿಣದ ಪೈಪು ನೆಡಿಸಿ, ಅದರ ಮೇಲೆ ಸೈಕಲ್ಲಿನ ಸೀಟು ಕೂರಿಸಿ."

"ಕೂತುಕೊಂಡು ದೋಸೆಯಾ? ಗಿರಾಕಿಗಳು ಎಂತ ಹೇಳ್ತಾರೆ? ಭಟ್ಟನಿಗೆ ಸೋಮಾರಿತನ ಅಂತಾರೆ."

"ನೀವು ಬೆಳಗಿನಿಂದ ಕೂತೇ ಇದ್ದೀರಿ. ನಿಮಗೆ ಯಾರಾದರೂ ಹಾಗೆ ಅಂದಿದ್ದಾರಾ?"

ಮಾವ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಶೀನಣ್ಣನ ಕಾಲನ್ನು ನೋಡಿದರು. ಡ್ರಾಯರಿನಿಂದ ಒಂದು ಕಾರ್ಡು ತೆಗೆದು ನನ್ನ ಮುಂದೆ ತಳ್ಳಿ, "ಬರಿ. ಸದ್ಯಕ್ಕೆ ಭಟ್ಟ ಬೇಡ" ಎಂದರು. 'ಸದ್ಯಕ್ಕೆ' ಎಂಬುದನ್ನು ಬಿಡಿಸಲು ನಾನು ವಾದಿಸಿದೆ. ಸೋತೆ.

ನಾಲ್ಕು ದಿನ ಬಿಟ್ಟು ಸಂಜೆ ಹೋದಾಗ ಮಾರ್ಕೋ ತನ್ನ ಮೇಜಿನಲ್ಲಿದ್ದ. ಮೂರು ದಿನದಲ್ಲಿ ಗುಡ್ಡದ ರಸ್ತೆಯಲ್ಲಿ ಒಂದು ಬಸ್ಸು, ಒಂದು ಜೀಪು ಎಂದು ವರದಿ ಒಪ್ಪಿಸಿದೆ. ಅವನು ಎದ್ದು ಕೈ ಕುಲುಕಿದ. ಗಾಜಿನ ಹಿಂದೆ ಶೀನಣ್ಣ ಸೀಟಿನ ಮೇಲೆ ಕೂತು, ಒಂದು ಕಾಲನ್ನು ಕಂಬಿಯ ಮೇಲಿಟ್ಟು ಹಿಟ್ಟು ಹರಡುತ್ತಿದ್ದರು. ಗಿರಾಕಿಗಳು ದೋಸೆಯನ್ನಷ್ಟೇ ನೋಡುತ್ತಿದ್ದರು.

ಹೊರಗೆ ಬಂದಾಗ ಬೇವಿನ ಮರಕ್ಕೆ ಅವರ ಸೈಕಲ್ ಒರಗಿತ್ತು. ಸೀಟು ಇರಲಿಲ್ಲ, ಬೋಳು ಪೈಪಿನ ಬಾಯಿಗೆ ಬಟ್ಟೆ ತುರುಕಿತ್ತು. ತಿರುಗಿ ಒಳಗೆ ಹೋಗಿ ಕೇಳಿದೆ: "ಶೀನಣ್ಣ, ಹೊಸ ಸೀಟು ತರಬಾರದಿತ್ತಾ? ರೂಮಿಗೆ ಹೋಗುವುದು ಹೇಗೆ?"

ದೋಸೆ ಮಗುಚುತ್ತಾ ತಲೆ ಎತ್ತದೆ ಹೇಳಿದರು: "ಇದು ಪಳಗಿದ ಸೀಟು ಮಾರಾಯ. ರೂಮಿಗೆ ಎಂತ, ನಿಂತು ತುಳಿದರಾಯಿತು."