ದಂಡೆಯಲ್ಲಿ ಇತ್ತು

ನಮ್ಮ ಕುಂದಾಪುರದ ಕಡೆ ‘ಇತ್ತ್’ ಅಂದರೆ ‘ಇದೆ’. ಮದುವೆಯಾದ ಹೊಸದರಲ್ಲಿ ಅಮ್ಮ ‘ಅನ್ನ ಇತ್ತ್’ ಅಂದಾಗ, ಕಲಬುರಗಿಯ ನನ್ನ ಗಂಡ ಅನ್ನ ಖಾಲಿಯಾಗಿದೆ ಎಂದುಕೊಂಡು ಎಲೆ ಮಡಚಲು ಹೋಗಿದ್ದರು. ಆಮೇಲೆ ‘ಇತ್ತ್ ಅಂದ್ರ ಐತಿ’ ಎಂದು ಬಾಯಿಪಾಠ ಮಾಡಿಕೊಂಡರು. ಹೈದರಾಬಾದಿನ ಸನತ್‌ನಗರದ ನಮ್ಮ ಬಾಡಿಗೆ ಮನೆಯಲ್ಲಿ ಹೊರಗೆ ತೆಲುಗು, ಹಿಂದಿ. ಒಳಗೆ ಎರಡು ಕನ್ನಡ. ಅದನ್ನು ಹೇಳಿಕೊಂಡು ನಾವಿಬ್ಬರೂ ನಗುತ್ತಿದ್ದೆವು.

ಅಣ್ಣ ಮೀನಿಗೆ ಹೋಗುವವನು. ಸಂಜೆ ಪುಟ್ಟ ದೋಣಿಯಲ್ಲಿ ಒಬ್ಬನೇ ಹೋಗಿ ಬಲೆ ಬಿಟ್ಟು, ಬೆಳಗಿನ ಜಾವ ಮರಳುತ್ತಿದ್ದ. ಆಗ ದೀಪಾವಳಿ ಮುಗಿದಿತ್ತು, ಮಳೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಆ ರಾತ್ರಿ ಅದು ಪಡುವಣದಿಂದ ಎದ್ದು, ಕರಾವಳಿಯುದ್ದಕ್ಕೂ ಗಾಳಿಯ ಸಮೇತ ಸುರಿಯಿತು. ಹೈದರಾಬಾದಿನಲ್ಲಿ ಒಂದು ಹನಿಯೂ ಇಲ್ಲ. ನಾನು ಮಾದಾಪುರದ ಆಫೀಸಿನಿಂದ ಬರುವ ಕ್ಯಾಬಿನಲ್ಲಿ, ಚಾರ್ಜು ಮುಗಿದ ಫೋನು ಹಿಡಿದುಕೊಂಡು ಟ್ರಾಫಿಕ್ಕಿಗೆ ಶಾಪ ಹಾಕುತ್ತಿದ್ದೆ.

ನನ್ನ ಫೋನು ಸಿಗದೆ ಅಮ್ಮ ಅಳಿಯನಿಗೆ ಮಾಡಿದ್ದಳು. ನಾನು ಮನೆಗೆ ಬರುತ್ತಲೇ ನಮ್ಮವರು ಹೇಳಿದರು:

“ಅಲ್ಲಿ ಮಳಿ ಭಾಳ ಜೋರೈತಂತ. ದೋಣಿ ದಂಡ್ಯಾಗ ಐತಂತ. ಅಷ್ಟರಾಗ ಲೈನ್ ಕಟ್ಟಾತು.”

ದೋಣಿ ದಂಡೆಯಲ್ಲಿದ್ದರೆ ಅಣ್ಣ ಮನೆಯಲ್ಲಿ. ಅಮ್ಮನಿಗೆ ಫೋನ್ ಮಾಡಿ ನೋಡಿದೆ, ಹೋಗಲಿಲ್ಲ. ಜೋರು ಮಳೆಗೆ ಅಲ್ಲಿ ಕರೆಂಟು, ಟವರು ಎರಡೂ ಕೈಕೊಡುವುದು ಮಾಮೂಲು. ಉಂಡು ಮಲಗಿದೆ. ಒಳ್ಳೆಯ ನಿದ್ದೆಯೇ ಬಂತು. ಆ ನಿದ್ದೆಯನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಬೆಳಿಗ್ಗೆ ಪಕ್ಕದ ಮನೆಯವರ ಫೋನಿನಿಂದ ಅಮ್ಮ ಅಳುತ್ತ ಮಾತಾಡಿದಳು. ಅಣ್ಣ ಇನ್ನೂ ಬಂದಿರಲಿಲ್ಲ. ದೋಣಿ ದಂಡೆಯಲ್ಲಿ ಇತ್ತು, ಈಗಿಲ್ಲ, ಅವನು ಹೋಗಿಬಿಟ್ಟಿದ್ದಾನೆ, ಯಾರಿಗಾದರೂ ಹೇಳಿಸು ಎಂದು ರಾತ್ರಿಯೇ ಅಳಿಯನಿಗೆ ಹೇಳಿದ್ದಳಂತೆ. ‘ಇತ್ತು’ ಅನ್ನುವಲ್ಲಿಗೇ ಲೈನು ಕಡಿದದ್ದು ತಿಳಿಯದೆ ಉಳಿದದ್ದನ್ನೆಲ್ಲ ಹೇಳಿ ಮುಗಿಸಿದ್ದಳು.

ಅಳಿಯನಿಗೆ ನಮ್ಮ ಮಾತು ತಿಳಿಯುವುದಿಲ್ಲವೆಂದು ಅಮ್ಮ ಪಾಪ, ಶಾಲೆಯ ಕನ್ನಡವನ್ನು ಹುಡುಕಿ ಹುಡುಕಿ ಆಡುತ್ತಿದ್ದಳು. ನಾಲ್ಕು ಮಾತಿಗೊಮ್ಮೆ ಜಾರಿ ನಮ್ಮದಕ್ಕೇ ಬರುತ್ತಿದ್ದಳು. ಆ ರಾತ್ರಿ ಜಾರಲಿಲ್ಲ. ಪುಸ್ತಕದಲ್ಲಿರುವ ಹಾಗೆಯೇ ‘ಇತ್ತು’ ಅಂದಿದ್ದಳು. ಇವರು ಅದನ್ನು ನಮ್ಮೂರಿನ ‘ಇತ್ತ್’ ಎಂದುಕೊಂಡು ‘ಐತಿ’ ಮಾಡಿದ್ದರು. ಒಬ್ಬರಿಗೊಬ್ಬರು ಅನುಕೂಲ ಮಾಡಿಕೊಡಲು ಹೋದದ್ದಕ್ಕೆ ಸಿಕ್ಕ ಬಹುಮಾನ ಇದು.

ನಮ್ಮೂರ ಪಕ್ಕದ ಗಂಗೊಳ್ಳಿ ಬಂದರಿನಲ್ಲಿ ನನ್ನ ಜೊತೆ ಓದಿದವನೊಬ್ಬನ ಎಂಜಿನ್ ಬೋಟಿದೆ. ಅವನ ನಂಬರು ನಮ್ಮ ಮನೆಮಂದಿಯಲ್ಲಿ ನನ್ನ ಹತ್ತಿರ ಮಾತ್ರ ಇತ್ತು. ಅವನು ಆ ಗಾಳಿಯಲ್ಲಿ ಹೊರಡುತ್ತಿದ್ದನೋ ಇಲ್ಲವೋ, ಹೊರಟರೂ ಅಣ್ಣ ಸಿಗುತ್ತಿದ್ದನೋ ಇಲ್ಲವೋ. ಕೇಳಿಯಾದರೂ ನೋಡಬಹುದಿತ್ತು.

ನಾವು ಊರು ಮುಟ್ಟುವಷ್ಟರಲ್ಲಿ ಅಣ್ಣನ ಹೆಣ ಸಿಕ್ಕಿತ್ತು. ದಾರಿಯುದ್ದಕ್ಕೂ ನನಗೆ ನಮ್ಮವರ ಮುಖ ನೋಡಲಾಗಲಿಲ್ಲ. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದೇಕೆ. ಅವರ ತಪ್ಪಲ್ಲವೆಂದು ಗೊತ್ತಿದ್ದೂ ಬಂದಿತ್ತು.

ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಮ್ಮ ಅಳಿಯನಿಗೆ ಬಡಿಸುತ್ತ ನನ್ನನ್ನು ಕೇಳಿದಳು:

“ಆವತ್ತ್ ರಾತ್ರಿ ನೀ ಯಾರ್‍ಯಾರಿಗೆ ಫೋನ್ ಮಾಡ್ದೆ, ಮಗಾ?”

ಇವರ ಕೈ ಅನ್ನದಲ್ಲೇ ನಿಂತಿತು. ತಲೆಯೆತ್ತಿ ಬಾಯಿ ತೆರೆದರು. ಹೇಳಿಬಿಡುತ್ತಾರೆ ಅನ್ನಿಸಿತು. ಹೇಳಿದರೆ ಅಮ್ಮ ಇವರನ್ನು ಬೈಯುವುದಿಲ್ಲ, ತನ್ನ ಶಾಲೆಯ ಕನ್ನಡವನ್ನು ಹಿಡಿದುಕೊಂಡು ಸಾಯುವವರೆಗೂ ಕೊರಗುತ್ತಾಳೆ.

ಎಲ್ಲರಿಗೂ ಮಾಡಿದೆ, ಯಾರೂ ಎತ್ತಲಿಲ್ಲ ಎಂದೆ.

ಅಮ್ಮ ನನ್ನ ಬೆನ್ನು ಸವರಿದಳು.

“ನೀ ಮಾಡಿರ್ತಿ ಅಂದ್ ನಂಗ್ ಗೊತ್ತಿತ್ತ್.”